ಬರಿಕೊಂಬೆಯ ಜೇನು

ಮರ್ಹಾಮಾ ತೀರಿಕೊಂಡ ಸುದ್ದಿ ನಮಗೆ ತಿಳಿದದ್ದು ಶುಕ್ರವಾರ, ಜುಮ್ಮಾ ನಮಾಜು ಮುಗಿಸಿ ಬಂದ ಮೇಲೆ. ನಾನು ಜಗುಲಿಯಲ್ಲಿ ಕುಳಿತು ತೆಂಬೆಸು ಮರದ ಒಂದು ಜೇನುಹಲಗೆಯನ್ನು ಬಾಚಿಯಿಂದ ಸವರುತ್ತಿದ್ದೆ. ಮೇಲ್ಮೈಯಲ್ಲಿ ಮಳೆನೀರು ನಿಲ್ಲಬಾರದು, ಕೆಳಮೈಯಲ್ಲಿ ಸಿಬಿರು ಏಳಬಾರದು. ಕಾಡಿನ ಮರದ ಕೊಂಬೆಗೆ ಇದನ್ನು ಕಟ್ಟಿದರೆ ಹೆಜ್ಜೇನು ಬಂದು ಕೆಳಮೈಗೆ ಮೇಣದ ಎರಿ ಕಟ್ಟಿ ತೂಗುತ್ತದೆ. ಸೆಪ್ಟೆಂಬರ್, ನಮ್ಮಲ್ಲಿ ಬೇಸಿಗೆಯ ಕೊನೆಯ ದಿನಗಳು. ಸೆಂತಾರುಮ್ ಸರೋವರ ಹಿಂದೆ ಸರಿದು ನಮ್ಮ ಮನೆಗಳ ಕಂಬಗಳೆಲ್ಲ ಬುಡದವರೆಗೂ ಕಾಣುತ್ತಿದ್ದವು. ಜೇನು ಸಂಘದ ಯಜಮಾನ ದೆರಾಮಾನ್ ಕೆಸರಿನಲ್ಲಿ ನಡೆದುಬಂದು ಮೆಟ್ಟಿಲ ಕೆಳಗೆ ನಿಂತ. ಟೋಪಿ ಕೈಯಲ್ಲಿತ್ತು.

“ಜಮ್‌ಹೂರಿ ಅಣ್ಣ, ಬಾಚಿ ಕೆಳಗಿಡು.”

“ಯಾಕೋ? ಹೇಳು, ಕಿವಿ ಖಾಲಿ ಇದೆಯಲ್ಲ.”

“ಮೊದಲು ಕೆಳಗಿಡು ಅಣ್ಣ.”

ಇಟ್ಟೆ. ಅವನು ಹೇಳಿದ. ಸೆಮಿತಾವಿನಿಂದ ಬೆಳಿಗ್ಗೆ ಹೊರಟ ಸ್ಪೀಡ್‌ಬೋಟ್ ಕಪುವಾಸ್ ನದಿಯಲ್ಲಿ ತೇಲುತ್ತಿದ್ದ ಮರದ ದಿಮ್ಮಿಗೆ ಬಡಿದು ಮಗುಚಿತ್ತು. ಆರು ಜನ ದಡ ಸೇರಿದ್ದರು. ಏಳನೆಯವಳು ನನ್ನ ಮಗಳು. ನಡೆಯುವುದಕ್ಕೆ ಮೊದಲು ಈಜು ಕಲಿತವಳು ಅವಳು. ದೋಣಿ ಮಗುಚುವಾಗ ತಲೆಗೆ ಪೆಟ್ಟು ಬಿದ್ದಿತ್ತಂತೆ.

ನನ್ನ ಹೆಂಡತಿ ಹಾಲಿಜಾ ಒಳಗೆ ಮೀನು ಹೊಗೆಗೆ ಇಡುತ್ತಿದ್ದಳು. ಅವಳಿಗೆ ಹೇಳುವ ಕೆಲಸ ನನ್ನದಾಯಿತು. ಹೇಗೆ ಹೇಳಿದೆನೋ ನೆನಪಿಲ್ಲ. ಆ ದಿನದ ಮೀನೆಲ್ಲ ಸೀದುಹೋದದ್ದು ಮಾತ್ರ ನೆನಪಿದೆ.

ಸಂಜೆಗೆ ದೇಹ ಬಂತು. ಮರುದಿನ ಬೆಳಿಗ್ಗೆ ದಫನ್ ಮಾಡಿದೆವು. ದಿಬ್ಬದ ಮೇಲಿನ ಖಬರಸ್ಥಾನದಿಂದ ಇಳಿದು ಬರುವಾಗ ನನ್ನ ತಂಗಿಯ ಮಗ ಸಾಬ್ಲಿ ಪಕ್ಕದಲ್ಲಿ ನಡೆಯುತ್ತಿದ್ದ. ನಲವತ್ತರ ಹತ್ತಿರದವನು, ಮರ್ಹಾಮಾ ಜೊತೆ ಒಂದೇ ದೋಣಿಯಲ್ಲಿ ಆಡಿ ಬೆಳೆದವನು. ಅವನ ಉಗುರುಗಳಲ್ಲಿ ಗೋರಿಯ ಮಣ್ಣು ಹಾಗೇ ಇತ್ತು.

“ಮಾವ, ನಾನೇನು ಮಾಡ್ಲಿ ಹೇಳಿ. ಸುಮ್ನೆ ಕೂತಿರೋಕೆ ಆಗ್ತಿಲ್ಲ,” ಎಂದ.

“ಅವಳ ಹಲಗೆಗಳನ್ನ ನೋಡ್ಕೋ,” ಎಂದೆ.

ಅಷ್ಟೇ ನಾನು ಹೇಳಿದ್ದು. ಈ ಕಥೆಯಲ್ಲಿ ಮುಂದೆ ಆದ ಕೆಡುಕೆಲ್ಲ ನನ್ನ ಆ ಮೂರು ಮಾತಿನಿಂದ ಶುರುವಾಯಿತು.

ಆ ಹಲಗೆಗಳ ವಿಷಯ ಹೇಳಬೇಕು. ಮರ್ಹಾಮಾ ನಮ್ಮ ಒಬ್ಬಳೇ ಮಗಳು. ಸೆಮಿತಾವಿನ ಶಾಲೆಯಲ್ಲಿ ವಿಜ್ಞಾನದ ಟೀಚರ್ ಆಗಿದ್ದಳು. ರಜೆಯಲ್ಲಿ ಪೊಂತಿಯಾನಕ್ ನಗರದ ವಿಶ್ವವಿದ್ಯಾಲಯಕ್ಕೆ ಹೋಗಿ ಮುಂದಿನ ಓದು ಓದುತ್ತಿದ್ದಳು. ಹಿಂದಿನ ವರ್ಷ ನನ್ನಿಂದಲೇ ಹನ್ನೆರಡು ಹಲಗೆ ಕೆತ್ತಿಸಿ, ಬೆಲಿದಾ ತೊರೆಯ ಎರಡೂ ದಡದ ಹನ್ನೆರಡು ಮರಗಳಿಗೆ ಕಟ್ಟಿಸಿದಳು. ಹಲಗೆಯ ಮೇಲೆ ಒಡೆಯರ ಗುರುತು ಇರಬೇಕೆಂಬುದು ಸಂಘದ ಕಟ್ಟಳೆ. ಅವಳು ಅದರ ಪಕ್ಕದಲ್ಲಿ ಒಂದರಿಂದ ಹನ್ನೆರಡರವರೆಗೆ ಅಂಕಿಗಳನ್ನೂ ಸುಟ್ಟ ಕಬ್ಬಿಣದಿಂದ ಬರೆದಳು. ಆ ವರ್ಷ ಹನ್ನೆರಡಕ್ಕೆ ಹನ್ನೆರಡೂ ಹಲಗೆಗಳಲ್ಲಿ ಹೆಜ್ಜೇನು ಕೂತಿತು. ಒಂದೊಂದರಿಂದಲೂ ಇಪ್ಪತ್ತು ಹುಳ ಹಿಡಿದು, ಸ್ಪಿರಿಟ್ ತುಂಬಿದ ಗಾಜಿನ ನಳಿಗೆಗಳಲ್ಲಿ ಹಾಕಿ ಅಂಟು ಚೀಟಿ ಹಚ್ಚಿದಳು.

ನನಗೆ ನಗು ಬಂದಿತ್ತು. “ಜೇನು ಬಿಟ್ಟು ನೊಣ ಹಿಡಿದುಕೊಂಡು ಹೋಗ್ತಾಳಲ್ಲ ಇವಳು! ಊರಿನವರು ಏನಂತಾರೆ?” ಎಂದೆ.

“ನಿಮಗೆ ಒಂದು ಲೆಕ್ಕ ಹೇಳ್ತೀನಿ ಅಪ್ಪ,” ಎಂದು ಅವಳು ದೋಣಿಯ ಮೂತಿಯಲ್ಲಿ ಕುಳಿತು ಹೇಳಿದಳು. “ಕೆಲಸಗಾರ ಹುಳ ಬದುಕೋದು ಎರಡು ತಿಂಗಳು ಅಂತ ಇಟ್ಕೊಳ್ಳಿ. ಹೂವು ಮುಗಿದ ಮೇಲೆ ಇವು ಎದ್ದು ಬೆಟ್ಟದ ಕಡೆ ಹೋಗ್ತವೆ. ಎಂಟು ತಿಂಗಳು ಬಿಟ್ಟು ಮತ್ತೆ ಬರ್ತವೆ. ಹಾಗಾದ್ರೆ ಇಲ್ಲಿಂದ ಹೋದ ಹುಳ ಒಂದೂ ವಾಪಸ್ ಬರೋಲ್ಲ. ಬರೋವು ಅವು ಸತ್ತ ಮೇಲೆ ಹುಟ್ಟಿದ ಹೊಸ ಹುಳಗಳು. ಅವು ಈ ಸರೋವರ ನೋಡೇ ಇಲ್ಲ. ಆದ್ರೂ ಅದೇ ಮರಕ್ಕೆ ಬರ್ತವೆ ಅಂತ ನೀವೆಲ್ಲ ಹೇಳ್ತೀರಿ. ಯಾರು ದಾರಿ ಹೇಳ್ತಾರೆ?”

“ರಾಣಿ ಬದುಕಿರುತ್ತಲ್ಲ.”

“ರಾಣಿ ಕತ್ತಲಲ್ಲಿ ಮೊಟ್ಟೆ ಇಡ್ತಾ ಕೂತಿರುತ್ತೆ. ದಾರಿ ಹುಡುಕೋಕೆ ಮುಂದೆ ಹೋಗೋವು ಕೆಲಸಗಾರ ಹುಳಗಳು. ಬಂದಿರೋದು ಅದೇ ರಾಣಿಯ ಸಂಸಾರ ಹೌದೋ ಅಲ್ವೋ ಅನ್ನೋದನ್ನೇ ನಮ್ಮ ಸರೋವರದಲ್ಲಿ ಯಾರೂ ಸರಿಯಾಗಿ ನೋಡಿಲ್ಲ. ಈ ವರ್ಷದ ಹುಳದ ಕಾಲು, ಮುಂದಿನ ವರ್ಷದ ಹುಳದ ಕಾಲು ಎರಡರಿಂದಲೂ ಡಿಎನ್ಎ ತೆಗೆದು ಹೋಲಿಸಿ ನೋಡಿದ್ರೆ ತಾಯಿ ಒಂದೇನಾ ಅಂತ ಗೊತ್ತಾಗುತ್ತೆ.”

“ದೇವರು ಕಳಿಸ್ತಾನೆ, ಅವು ಬರ್ತವೆ.”

“ಕಳಿಸೋನು ಅವನೇ ಅಪ್ಪ. ಹೇಗೆ ಕಳಿಸ್ತಾನೆ ಅಂತ ಕೇಳ್ತಿದ್ದೀನಿ.”

ಐವತ್ತು ವರ್ಷ ಜೇನು ಕೊಯ್ದವನು ನಾನು. ಎರಿಯ ಮೇಲೆ ಹುಳಗಳು ಮೂರು ಪದರ ಪರದೆಯಾಗಿ ತೂಗುವುದನ್ನು ಸಾವಿರ ಸಲ ನೋಡಿದ್ದೆ. ಆ ಪರದೆಯ ಹಿಂದೆ ಅವಳು ಉದ್ದನೆಯ ಕಡ್ಡಿಯಂಥ ಒಂದು ಉಷ್ಣಮಾಪಕ ತೂರಿಸಿ ನನಗೆ ತೋರಿಸಿದಳು. ಸುಡುವ ಮಧ್ಯಾಹ್ನ ಮೂವತ್ತನಾಲ್ಕು. ಮಾರನೆಯ ದಿನ ಜಡಿಮಳೆ, ನಮ್ಮ ಹಲ್ಲು ಕಟಕಟ ಎನ್ನುತ್ತಿತ್ತು. ಪರದೆಯ ಹಿಂದೆ ಆಗಲೂ ಮೂವತ್ತನಾಲ್ಕು. ಬಿಸಿಲಿಗೆ ಪರದೆ ಬಿಚ್ಚಿಕೊಳ್ಳುತ್ತಿತ್ತು, ಮಳೆಗೆ ಬಿಗಿದುಕೊಳ್ಳುತ್ತಿತ್ತು. ಹೊರಗಿನ ಹುಳಗಳು ರೆಕ್ಕೆಗಳನ್ನು ಹೆಂಚಿನಂತೆ ಜೋಡಿಸಿ ನೀರು ಜಾರಿಸುತ್ತಿದ್ದವು. ಬಾಣಂತಿ ಮಗುವನ್ನು ಮುಚ್ಚುವ ಹಾಗೆ ಸಾವಿರಾರು ಹುಳಗಳು ತಮ್ಮ ಮೈಯಿಂದಲೇ ಮರಿಗಳಿಗೆ ಗೋಡೆ ಕಟ್ಟಿದ್ದವು. ನಾನು ಅಷ್ಟು ವರ್ಷ ಆ ಗೋಡೆಗೆ ಹೊಗೆ ಹಾಕುತ್ತಿದ್ದೆನೇ ಹೊರತು ಒಂದು ದಿನವೂ ಹತ್ತಿರ ಮುಖವಿಟ್ಟು ನೋಡಿರಲಿಲ್ಲ. ದೋಣಿಯಲ್ಲೇ ಕುಳಿತು ದೇವರನ್ನು ಸ್ತುತಿಸಿದೆ. ಮಗಳು ಪುಸ್ತಕದಲ್ಲಿ ಅಂಕಿ ಬರೆದುಕೊಂಡಳು.

ಎರಡನೆಯ ವರ್ಷದ ಹುಳಗಳನ್ನು ಹಿಡಿಯುವುದಕ್ಕೆ ಅವಳು ಇರಲಿಲ್ಲ.

ನಲವತ್ತನೆಯ ದಿನದ ಕುರಾನ್ ಓದು ಮುಗಿದ ವಾರದಲ್ಲಿ ಪೊಂತಿಯಾನಕ್‌ನಿಂದ ಫೋನ್ ಬಂತು. ಮರ್ಹಾಮಾಗೆ ಪಾಠ ಹೇಳುತ್ತಿದ್ದ ಮೇಡಂ, ಹೆಲ್ಮಿ ಎಂದು ಹೆಸರು. ನಾವು ಮರ್ಯಾದೆಗೆ ಬು ಹೆಲ್ಮಿ ಎನ್ನುತ್ತಿದ್ದೆವು, ಅವರು ಹಾಗೆಯೇ ನನ್ನನ್ನು ಪಾಕ್ ಎನ್ನುತ್ತಿದ್ದರು. ಸಿಗ್ನಲ್ ಸಿಗುವುದು ಮಸೀದಿಯ ತೇಲುಕಟ್ಟೆಯ ತುದಿಯಲ್ಲಿ ಮಾತ್ರ. ಅಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಮಾತಾಡಿದೆ.

“ಪಾಕ್ ಜಮ್‌ಹೂರಿ, ಅವಳ ಹೋದ ವರ್ಷದ ನಳಿಗೆಗಳು ನಮ್ಮಲ್ಲಿ ಭದ್ರವಾಗಿವೆ. ಈ ಸಲ ಅದೇ ಮರಗಳಿಗೆ ಬಂದ ಹುಳಗಳನ್ನ ನೀವು ಹಿಡಿದು ಕಳಿಸಿದ್ರೆ ಕೆಲಸ ಪೂರ್ತಿ ಆಗುತ್ತೆ. ಅವಳ ಹೆಸರಲ್ಲೇ ಲೇಖನ ಅಚ್ಚು ಹಾಕಿಸ್ತೀವಿ. ನಿಮ್ಮ ಕೈಲಿ ಆಗುತ್ತಾ?”

“ಆಗುತ್ತೆ ಬು. ಹಲಗೆಗಳನ್ನ ನನ್ನ ಸೋದರಳಿಯ ನೋಡ್ಕೊಳ್ತಿದ್ದಾನೆ.”

ಎಷ್ಟು ಹೆಮ್ಮೆಯಿಂದ ಹೇಳಿದೆನೋ! ನಲವತ್ತು ದಿನದಲ್ಲಿ ಮೊದಲ ಸಲ ನನಗೆ ಮಾಡುವುದಕ್ಕೆ ಒಂದು ಕೆಲಸ ಸಿಕ್ಕಿತ್ತು. ಮಗಳ ಕಣ್ಣು ಮುಚ್ಚಿದ್ದರೂ ಅವಳ ಪ್ರಶ್ನೆ ಮುಚ್ಚುವುದಿಲ್ಲ ಎಂದು ಹಾಲಿಜಾಗೆ ಹೇಳಿದೆ.

“ಮೊದಲು ಹೋಗಿ ಕಣ್ಣಲ್ಲಿ ನೋಡ್ಕೊಂಡು ಬನ್ನಿ. ಆಮೇಲೆ ಭಾಷಣ ಮಾಡುವಿರಂತೆ,” ಎಂದಳು.

ಮಾರನೆಯ ದಿನ ಹೋದೆ. ಮಳೆ ಹಿಡಿದು ನೀರು ಏರಿತ್ತು. ಕಾಡಿನೊಳಕ್ಕೆ ದೋಣಿ ನುಗ್ಗುವಷ್ಟು ತೊರೆ ತುಂಬಿತ್ತು. ಮೊದಲನೆಯ ಮರ ನೋಡಿದೆ, ಹಲಗೆ ಇಲ್ಲ. ಬಿದ್ದುಹೋಯಿತೇನೋ ಎಂದುಕೊಂಡೆ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲೂ ಇಲ್ಲ. ಹನ್ನೆರಡು ಮರಗಳನ್ನೂ ಸುತ್ತಿದೆ. ಬೆತ್ತದ ಕಟ್ಟಿನ ಗುರುತು ತೊಗಟೆಯಲ್ಲಿ ಉಳಿದಿತ್ತು, ಅಷ್ಟೇ.

ವಾಪಸು ಬಂದು ಸಾಬ್ಲಿಯ ಮನೆ ಮುಂದೆ ದೋಣಿ ನಿಲ್ಲಿಸಿ ಕೂಗಿದೆ. ಅವನು ಬಲೆ ಹೊಲಿಯುತ್ತಿದ್ದ.

“ಹಲಗೆ ಎಲ್ಲೋ?”

ಅವನ ಮುಖ ಅರಳಿತು. ಅದೇ ನನಗೆ ತಡೆಯಲಾಗದೆ ಹೋದದ್ದು. “ನೋಡ್ಕೊಂಡಿದ್ದೀನಿ ಮಾವ! ಎಲ್ಲಾ ಇಳಿಸಿ, ಹಳೇ ಮೇಣ ಎಲ್ಲಾ ಹೆರೆದು, ನಿಮ್ಮ ಗುರುತು ಹಾಕಿ ಮತ್ತೆ ಕಟ್ಟಿದ್ದೀನಿ. ಬೆಲಿದಾ ತೊರೆ ದೂರ ಆಗುತ್ತೆ, ಈ ವಯಸ್ಸಲ್ಲಿ ನೀವು ಅಷ್ಟು ದೂರ ಹುಟ್ಟು ಹಾಕೋದು ಬೇಡ ಅಂತ ಇಲ್ಲೇ ಮನೆ ಹಿಂದಿನ ಕಾಡಲ್ಲಿ ಕಟ್ಟಿದೆ. ಹನ್ನೆರಡೂ ಇದೆ.”

“ಅಂಕಿ?”

“ಯಾವ ಅಂಕಿ? ಓ, ಅದನ್ನೂ ಹೆರೆದೆ. ಒಂದು ಹಲಗೆ ಮೇಲೆ ಎರಡು ಗುರುತು ಇರಬಾರದಲ್ಲ.”

ನಮ್ಮ ಜನರಲ್ಲಿ ಸತ್ತವರ ಹಲಗೆಯನ್ನು ‘ನೋಡಿಕೊಳ್ಳುವುದು’ ಎಂದರೆ ಇದೇ ಅರ್ಥ. ವಾರಸುದಾರನು ಅದನ್ನು ಇಳಿಸಿ, ಹೆರೆದು, ತನ್ನ ಗುರುತು ಹಾಕಿ, ಹೊಸ ಋತುವಿಗೆ ಮೊದಲು ಮತ್ತೆ ಕಟ್ಟಬೇಕು. ಇಲ್ಲದಿದ್ದರೆ ಅದು ಯಾರದೂ ಅಲ್ಲದ ಹಲಗೆಯಾಗುತ್ತದೆ. ನನ್ನ ಅಪ್ಪನ ಹಲಗೆಗಳನ್ನು ನಾನೂ ಹಾಗೆಯೇ ನೋಡಿಕೊಂಡಿದ್ದೆ. ಖಬರಸ್ಥಾನದಿಂದ ಬರುವ ಮುದುಕನೊಬ್ಬ ಆ ಮಾತು ಆಡಿದರೆ ಇಡೀ ಸರೋವರದಲ್ಲಿ ಯಾರೇ ಆದರೂ ಇದನ್ನೇ ಮಾಡುತ್ತಿದ್ದರು. ನಾನು ಹೇಳಬೇಕೆಂದಿದ್ದದ್ದು ಬೇರೆ. ಒಂದು ಕಣ್ಣಿಟ್ಟಿರು, ಯಾರೂ ಮುಟ್ಟದಂತೆ ಕಾಯುತ್ತಿರು, ಎಂದು ಹೇಳಬೇಕಿತ್ತು. ನಾಲಿಗೆಗೆ ಬಂದದ್ದು ಹಳೆಯ ಮಾತು.

ಇಷ್ಟೆಲ್ಲ ತಿಳಿದಿದ್ದೂ ಬೈದೆ. ಸಾಬ್ಲಿಯ ಹೆಂಡತಿ ಮಕ್ಕಳ ಎದುರಿಗೇ ಬೈದೆ.

“ನಿನಗೆ ತಲೆ ಅನ್ನೋದು ಟೋಪಿ ಇಡೋಕೆ ಮಾತ್ರ ಇರೋದೇನೋ? ಅವಳ ಎರಡು ವರ್ಷದ ಕೆಲಸ ಅದು! ಹೆರೆದು ಹಾಕಿದ್ಯಲ್ಲೋ!”

“ಮಾವ, ನೀವೇ ಹೇಳಿದ್ರಿ...”

“ನಾನು ಹೇಳ್ದೆ ಅಂತ ಮಾಡಿಬಿಡ್ತೀಯಾ? ಕೇಳಬೇಕು ಅನ್ನಿಸ್ಲಿಲ್ವಾ?”

“ಮಗಳನ್ನ ಮಣ್ಣು ಮಾಡಿ ಕೂತವರ ಹತ್ರ ಹೋಗಿ ಹಲಗೆ ವಿಷಯ ಕೇಳ್ಲಾ ಮಾವ? ಯಾವ ಬಾಯಲ್ಲಿ ಕೇಳ್ಲಿ?” ಎಂದು ಅವನು ಬಲೆಯನ್ನು ಕೆಳಗೆ ಹಾಕಿದ. ನಾನು ದೋಣಿ ತಿರುಗಿಸಿದೆ.

ಹಲಗೆಗಳನ್ನು ಹಳೆಯ ಮರಗಳಿಗೇ ವಾಪಸು ಕಟ್ಟೋಣವೆಂದು ಯಜಮಾನನ ಬಳಿ ಹೋದೆ. ದೆರಾಮಾನ್ ಕಾಫಿ ಕೊಟ್ಟ, ಅನುಮತಿ ಕೊಡಲಿಲ್ಲ.

“ಸೋಮವಾರ ಆಚೆ ದಡದಲ್ಲಿ ಮೊದಲ ಹಿಂಡು ಕಂಡಿದೆ ಅಣ್ಣ. ಹಿಂಡು ಕಂಡ ಮೇಲೆ ಹಲಗೆ ಕಟ್ಟೋದು, ಇಳಿಸೋದು ಎರಡೂ ಇಲ್ಲ. ಕಟ್ಟಳೆ ಬರೆದವರಲ್ಲಿ ನೀನೂ ಒಬ್ಬ.”

“ಆಗ ನನ್ನ ಮಗಳು ಸತ್ತಿರಲಿಲ್ಲ.”

“ಅಣ್ಣ, ನಿನಗೊಬ್ಬನಿಗೆ ಬಿಟ್ಟರೆ ನಾಳೆ ಇಪ್ಪತ್ತು ಜನ ಬಂದು ನಿಲ್ತಾರೆ. ಎಲ್ಲರ ಮನೇಲೂ ಯಾರಾದ್ರೂ ಸತ್ತಿರ್ತಾರೆ.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಕಾಫಿ ಮುಟ್ಟದೆ ಎದ್ದುಬಂದೆ. ಅಂದಿನಿಂದ ಅವನ ಜೊತೆ ಮಾತು ಬಿಟ್ಟೆ. ಮಗಳ ಕೆಲಸ ಏನು, ಅದು ಯಾವ ಮರಗಳಲ್ಲಿ ಎಂಬುದನ್ನು ಅವನಿಗೆ ಬಿಡಿಸಿ ಹೇಳಲೇ ಇಲ್ಲ. ಕೇಳದವನಿಗೆ ಏಕೆ ಹೇಳಬೇಕೆಂಬ ಬಿಂಕ ನನ್ನದು.

ನವೆಂಬರ್ ಕೊನೆಯ ವಾರ. ಮನೆ ಹಿಂದಿನ ಕಾಡಿನಲ್ಲಿ ಹನ್ನೆರಡು ಹಲಗೆಗಳೂ ಚೊಕ್ಕಟವಾಗಿ ತೂಗುತ್ತಿದ್ದವು. ಒಂದಕ್ಕೂ ಹುಳ ಬರಲಿಲ್ಲ. ಪುತತ್ ಮರಗಳು ಹೂ ಬಿಟ್ಟು ಅವುಗಳ ಕೇಸರಗಳು ನೀರಿನ ಮೇಲೆಲ್ಲ ಉದುರಿ ತೇಲುತ್ತಿದ್ದವು. ಊರಿನ ಬೇರೆಯವರ ಹಲಗೆಗಳಲ್ಲಿ ಜೇನು ಕೂತಾಗಿತ್ತು. ಬು ಹೆಲ್ಮಿಗೆ ಫೋನ್ ಮಾಡಿ, ಎಲ್ಲಾ ಹಾಳಾಯಿತು ಎಂದು ಹೇಳುವುದಕ್ಕೆ ಮಸೀದಿಯ ಕಟ್ಟೆಗೆ ಹೊರಟಿದ್ದೆ. ಆಗ ಸಾಬ್ಲಿಯ ದೋಣಿ ಅಡ್ಡ ಬಂತು. ಮೂರು ವಾರದಿಂದ ನಾವು ಮುಖ ಕೊಟ್ಟು ಮಾತಾಡಿರಲಿಲ್ಲ.

“ಮಾವ, ಬೈಯೋದಿದ್ರೆ ಆಮೇಲೆ ಬೈರಿ. ಈಗ ನನ್ನ ದೋಣಿ ಹತ್ತಿ.”

“ಎಲ್ಲಿಗೆ?”

“ಬೆಲಿದಾ ತೊರೆಗೆ. ಬಲೆ ಎತ್ತೋಕೆ ಹೋಗಿದ್ದೆ. ನೀವೇ ಬಂದು ನೋಡಿ. ನಾನು ಹೇಳಿದ್ರೆ ನಂಬೋಲ್ಲ.”

ಹೋದೆವು. ಮೊದಲನೆಯ ಮರ. ಹಲಗೆಯಿಲ್ಲದ ಬರಿಯ ಕೊಂಬೆಗೆ ಹೆಜ್ಜೇನು ತೂಗುತ್ತಿತ್ತು. ಹೊಸ ಹಿಂಡು. ಎರಿ ಇನ್ನೂ ಅಂಗೈ ಅಗಲ ಮಾತ್ರ. ಹೋದ ವರ್ಷದ ಬೆತ್ತದ ಗುರುತಿಗೂ ಎರಿಗೂ ನಡುವೆ ಒಂದು ಗೇಣು ಅಂತರ. ಆ ಮರದಲ್ಲಿ ಕೂರುವುದಕ್ಕೆ ಇಪ್ಪತ್ತು ಕೊಂಬೆಗಳಿದ್ದವು. ಅದರ ಸುತ್ತ ನೂರಾರು ಮರಗಳಿದ್ದವು. ಒಂದೊಂದೇ ಮರ ನೋಡುತ್ತ ಹೋದೆವು. ಹನ್ನೆರಡರಲ್ಲಿ ಏಳು ಮರಗಳಿಗೆ ಹುಳ ಬಂದಿತ್ತು, ಹಲಗೆಯಿದ್ದ ಜಾಗದ ಗೇಣು ಮೊಳದೊಳಗೆ. ಕೊಂಬೆಯ ಕೆಳಗೆ ದೋಣಿ ನಿಲ್ಲಿಸಿದೆವು. ಹುಳಗಳು ನಮ್ಮನ್ನು ಕಂಡು ಮೈ ಒಮ್ಮೆ ಅಲುಗಿಸಿದವು. ಆ ಅಲುಗಾಟ ಗಾಳಿಗೆ ಬತ್ತದ ಗದ್ದೆ ಬಾಗಿ ಏಳುವಂತೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡಿತು.

“ಹಲಗೆಯೂ ಇಲ್ಲ, ಮೇಣದ ವಾಸನೆಯೂ ಇಲ್ಲ. ಇವಕ್ಕೆ ಯಾರು ಹೇಳಿದ್ರು ಮಾವ?” ಎಂದ ಸಾಬ್ಲಿ.

ಆ ಮಾತು ಕೇಳಬೇಕಾದವಳು ದಿಬ್ಬದ ಮೇಲೆ ಮಲಗಿದ್ದಳು.

ಬು ಹೆಲ್ಮಿಗೆ ಫೋನ್ ಮಾಡಿ ಹೇಳಿದೆ. “ಏಳು ಸಾಕು ಪಾಕ್. ಏಳು ಸಿಕ್ಕಿದ್ರೆ ಖಂಡಿತ ಏನಾದ್ರೂ ಹೇಳಬಹುದು. ನಳಿಗೆ, ಸ್ಪಿರಿಟ್ ಎಲ್ಲಾ ಇವತ್ತೇ ಕಳಿಸ್ತೀನಿ. ಬೇಗ ಹಿಡೀರಿ. ಬರಿಕೊಂಬೆಯ ಜೇನು ಬೇರೆಯವರು ಕೊಯ್ದುಬಿಡ್ತಾರಲ್ವಾ?” ಎಂದರು.

ಅದು ನಿಜ. ಹಲಗೆಯ ಜೇನಿಗೆ ಒಡೆಯನಿದ್ದಾನೆ. ಬರಿಕೊಂಬೆಯ ಜೇನು ಮೊದಲು ಹೊಗೆ ಹಾಕಿದವನದು.

ಪಾರ್ಸೆಲ್ ಬರಲಿಲ್ಲ. ಒಂದು ವಾರ ಕಾದೆವು, ಎರಡು ವಾರ ಕಾದೆವು. ನಮ್ಮ ಊರಿನ ಹೆಸರಿನಂಥದ್ದೇ ಹೆಸರಿನ ಇನ್ನೊಂದು ಊರು ನದಿಯ ಮೇಲ್ಗಡೆ ಇದೆ, ಪಾರ್ಸೆಲ್ ಅಲ್ಲಿಗೆ ಹೋಗಿ ಯಾರದೋ ಅಂಗಡಿಯಲ್ಲಿ ಕುಳಿತಿತ್ತೆಂದು ಆಮೇಲೆ ತಿಳಿಯಿತು. ಊರಿನ ಆರೋಗ್ಯ ಕೇಂದ್ರಕ್ಕೆ ಹೋದೆ. ಗಾಯ ಒರೆಸುವ ಸ್ಪಿರಿಟ್ ಬಾಟಲಿಯಲ್ಲಿ ಬೆರಳು ಒದ್ದೆಯಾಗುವಷ್ಟೂ ಉಳಿದಿರಲಿಲ್ಲ. ಹುಳಗಳನ್ನು ಸುಮ್ಮನೆ ಒಣಗಿಸಿ ಕಳಿಸಲೇ ಎಂದು ಫೋನ್ ಮಾಡಿ ಕೇಳಿದೆ. ಈ ಮಳೆಗೆ ಬೂಷ್ಟು ಹಿಡಿದು ಕೆಟ್ಟುಹೋಗುತ್ತದೆ ಎಂದರು ಬು ಹೆಲ್ಮಿ. ಜೊತೆಗೆ, “ಬೇಜಾರು ಮಾಡ್ಕೋಬೇಡಿ ಪಾಕ್. ನದಿ ಮೇಲ್ಗಡೆ ಇಬಾನ್ ಜನ ತಮ್ಮ ಉದ್ದಮನೆಗಳಲ್ಲಿ ಅರಾಕ್ ಸಾರಾಯಿ ಬಟ್ಟಿ ಇಳಿಸ್ತಾರಲ್ಲ, ಗಟ್ಟಿಯಾಗಿರೋದು ಒಂದು ಬಾಟಲಿ ಸಿಕ್ಕಿದ್ರೆ ಎರಡು ಮೂರು ವಾರಕ್ಕೆ ಸಾಕು,” ಎಂದರು.

ಮನೆಗೆ ಬಂದು ಹಾಲಿಜಾಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

“ಹೋಗಿ ತನ್ನಿ,” ಎಂದಳು.

“ಅರಾಕ್ ತರ್ಲಾ? ನಾನಾ?”

“ಕುಡಿಯೋಕಲ್ವಲ್ಲ. ಹುಳ ನೆನೆಹಾಕೋಕೆ.”

“ನಲವತ್ತು ದಿನ ಅವಳ ಹೆಸರಲ್ಲಿ ಈ ಮನೇಲಿ ಓದಿಸಿದ್ದೀವಿ. ಇದೇ ಕೈಲಿ ಆ ಬಾಟಲಿ ಹಿಡೀಲಾ? ಅವಳ ಕೆಲಸಕ್ಕೆ ಅಂತ ಹರಾಮಿನ ವಸ್ತು ಮುಟ್ಟಲಾ?”

“ಸಾಬ್ಲಿಗೆ ಹೇಳಿ. ಅವನು ದೋಣಿಯಲ್ಲೇ ಇಟ್ಕೊಳ್ತಾನೆ. ಮನೆಗೆ ತರೋದು ಬೇಡ.”

“ಬೇರೆಯವನ ತಲೆಗೆ ಪಾಪ ಕಟ್ಟಲಾ?”

“ಪಾರ್ಸೆಲ್‌ನಲ್ಲಿ ಬರೋ ಸ್ಪಿರಿಟ್ ಏನು ಪವಿತ್ರ ಝಮ್‌ಝಮ್ ನೀರಾ?” ಎಂದು ಅವಳು ಮೊರವನ್ನು ಕುಟ್ಟಿ ಇಟ್ಟಳು. “ಎರಡೂ ಒಂದೇ ಅಂತ ಮಗಳೇ ಹೇಳ್ತಿದ್ಲು. ನೀವು ನಿಮ್ಮ ಮಡಿ ಇಟ್ಕೊಂಡು ಕೂತಿರಿ. ಹುಳ ನಿಮಗಾಗಿ ಕಾಯ್ತಾ ಕೂತಿರುತ್ತೆ.”

ನಾನು ಒಪ್ಪಲಿಲ್ಲ. ನನ್ನ ಮನಸ್ಸಿನಲ್ಲಿ ಸ್ಪಿರಿಟ್ ಔಷಧಿಯ ಸಾಮಾನು, ಅರಾಕ್ ಕುಡಿತದ ಸಾಮಾನು. ಗೋರಿಯೊಳಗೆ ಅಲ್ಲಾಹನ ದೂತರು ನನ್ನ ಮಗಳನ್ನು ಪ್ರಶ್ನೆ ಕೇಳುತ್ತಿರುವ ದಿನಗಳಲ್ಲಿ ನಾನು ಒಂದು ತಪ್ಪು ಹೆಜ್ಜೆ ಇಟ್ಟರೆ ಅದು ಅವಳ ಲೆಕ್ಕಕ್ಕೆ ಸೇರಿಬಿಟ್ಟೀತು ಎಂಬ ಭಯ. ಆ ಭಯವನ್ನು ಹಾಲಿಜಾಗೆ ಬಾಯಿಬಿಟ್ಟು ಹೇಳಲಿಲ್ಲ. ಕಾಯೋಣ ಎಂದೆ. ಬು ಹೆಲ್ಮಿ ಎರಡನೆಯ ಪಾರ್ಸೆಲ್ ಕಳಿಸಿದರು. ಅದು ಬರುವ ಹೊತ್ತಿಗೆ, ಹುಳ ಬಂದು ಕೂತು ಐದು ವಾರ ಕಳೆದಿತ್ತು.

ಆ ಐದನೆಯ ವಾರದಲ್ಲಿ ಒಂದು ಮಧ್ಯಾಹ್ನ ದೆರಾಮಾನ್ ನಮ್ಮ ಮನೆಗೆ ಬಂದ. ಮಾತು ಬಿಟ್ಟವನ ಮನೆಗೆ ತಾನಾಗಿ ಬಂದಿದ್ದ. ಕೈಯಲ್ಲಿ ಎರಡು ಬಾಟಲಿ ಜೇನುತುಪ್ಪ.

“ಅಣ್ಣ, ಸಿಟ್ಟು ಸಾಕು. ಬೆಲಿದಾ ತೊರೆಯ ಬರಿಕೊಂಬೆಯಲ್ಲಿ ಒಳ್ಳೇ ಎರಿ ಸಿಕ್ತು, ನಿನ್ನೆ ಕೊಯ್ದೆ. ಮರ್ಹಾಮಾ ಅಲ್ಲೇ ಓಡಾಡ್ತಿದ್ಲಲ್ಲ, ಅದಕ್ಕೇ ಅವಳ ಹೆಸರಲ್ಲಿ ಮಸೀದೀಲಿ ಹಂಚೋಣ ಅಂತ ತಂದೆ. ಆಚೆ ದಡದ ಹುಡುಗರು ಮೊನ್ನೆಯೇ ಮೂರು ಕೊಯ್ದುಬಿಟ್ಟಿದ್ದಾರೆ. ಸೂಡಿ ಹಚ್ಚಿ ಹುಳಾನೂ ಸುಟ್ಟಿದ್ದಾರೆ, ಹಾಳಾದವರು. ನಾನು ಹುಳ ಸುಡಲಿಲ್ಲ. ಎರಿ ಪೂರ್ತಿ ಇಳಿಸಿದೆ, ಅಷ್ಟೇ.”

ನಾನು ಬಾಟಲಿ ನೋಡುತ್ತ ಕುಳಿತೆ. ತಿಳಿಯಾದ, ಕೆಂಪು ಬಣ್ಣದ ತುಪ್ಪ. ಅವನಿಗೆ ಏನು ಹೇಳಲಿ? ಹೇಳಬೇಕಾದದ್ದನ್ನು ಹೇಳಬೇಕಾದ ದಿನ ಹೇಳಿರಲಿಲ್ಲ. ಹಾಲಿಜಾ ಬಾಟಲಿಗಳನ್ನು ತೆಗೆದುಕೊಂಡು, ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದು ಹೇಳಿ ಅವನನ್ನು ಕಳಿಸಿದಳು. ಬಾಗಿಲು ಹಾಕಿ ನನ್ನ ಕಡೆ ತಿರುಗಿದಳು.

“ಸಾಬ್ಲಿಗೆ ಬೈದು ಮೂರು ವಾರ ಮಾತು ಬಿಟ್ರಿ. ಈಗ ಯಾರಿಗೆ ಬೈತೀರಿ?”

ಮಾರನೆಯ ದಿನವೇ ಪಾರ್ಸೆಲ್ ಬಂತು. ಸಾಬ್ಲಿಯೂ ನಾನೂ ಹೋದೆವು. ದೆರಾಮಾನ್ ಕೊಯ್ದ ಕೊಂಬೆಯಲ್ಲಿ ಒಂದು ಹುಳವೂ ಉಳಿದಿರಲಿಲ್ಲ. ಸುಟ್ಟ ಕಡೆಗಳಲ್ಲಿ ಕೊಂಬೆ ಕಪ್ಪಾಗಿ, ಸತ್ತ ಹುಳಗಳು ನೀರಿನ ಮೇಲೆ ಹೂವಿನ ಕೇಸರಗಳ ಜೊತೆ ತೇಲುತ್ತಿದ್ದವು. ಉಳಿದದ್ದು ಮೂರು ಹಿಂಡು. ನಾನು ಹೊಗೆ ಹಿಡಿದೆ. ಮರ್ಹಾಮಾ ಮಾಡುತ್ತಿದ್ದಂತೆಯೇ ಸಾಬ್ಲಿ ಅವಳ ಬಲೆಚೀಲದಿಂದ ಪರದೆಯ ಅಂಚನ್ನು ಮೆಲ್ಲಗೆ ತಟ್ಟಿ ಇಪ್ಪತ್ತು ಇಪ್ಪತ್ತು ಹುಳ ಹಿಡಿದ. ಅವನ ಕೈಗೆ ಒಂಬತ್ತು ಕಡೆ ಕಚ್ಚಿತು. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. ದೋಣಿ ತಿರುಗಿಸುವಾಗ ನಾನು ಅವನ ಊದಿದ ಕೈಗೆ ಸುಣ್ಣ ಹಚ್ಚಿದೆ. ಅಂದು ಬೈದದ್ದು ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. “ಬಿಡಿ ಮಾವ, ಉರಿ ಕಮ್ಮಿ ಆಯ್ತು,” ಎಂದು ಅವನೇ ಮಾತು ಮುಗಿಸಿದ.

ಫೆಬ್ರವರಿಯಲ್ಲಿ ಬು ಹೆಲ್ಮಿಯ ಫೋನ್ ಬಂತು. ಸಾಬ್ಲಿ ನನ್ನ ಜೊತೆ ಕಟ್ಟೆಯ ಮೇಲೆ ಕುಳಿತಿದ್ದ.

“ಪಾಕ್, ಮೂರರಲ್ಲಿ ಎರಡು ಹಿಂಡಿನ ತಾಯಿ ಹೋದ ವರ್ಷದವಳೇ. ನಾಲ್ಕನೇ ಮರಕ್ಕೆ ನಾಲ್ಕನೇ ಮರದವಳು, ಒಂಬತ್ತಕ್ಕೆ ಒಂಬತ್ತರವಳು. ಅದೇ ರಾಣಿ ಬೆಟ್ಟಕ್ಕೆ ಹೋಗಿ ಎಂಟು ತಿಂಗಳು ಬಿಟ್ಟು ಅದೇ ಕೊಂಬೆಗೆ ವಾಪಸ್ ಬಂದಿದ್ದಾಳೆ. ನನ್ನ ಕೈ ಜುಮ್ ಅಂತಿದೆ ಪಾಕ್!”

“ಮೂರನೆಯದು?”

“ಅದು ಬೇರೆ ತಾಯಿ. ಹಳೇ ರಾಣಿ ಸತ್ತು ಅವಳ ಮಗಳು ರಾಣಿಯಾಗಿರಬಹುದು ಅಂದ್ಕೊಂಡಿದ್ದೆ. ನೋಡಿದ್ರೆ ಹಾಗೂ ಕಾಣ್ತಿಲ್ಲ. ಬೇರೆ ಯಾವುದೋ ಹಿಂಡು. ಅದು ಯಾಕೆ ಅಲ್ಲೇ ಬಂದು ಕೂತಿತು ಅನ್ನೋದು ನನಗೆ ಗೊತ್ತಾಗ್ತಿಲ್ಲ.”

“ಹಾಗಾದ್ರೆ ಅಚ್ಚು ಹಾಕಿಸ್ತೀರಲ್ಲ ಬು?”

ಅವರ ದನಿ ಇಳಿಯಿತು.

“ಮೂರಕ್ಕೆ ಎರಡು ಅಂತ ಬರೆದ್ರೆ ಆಕಸ್ಮಿಕ ಇರಬಹುದು ಅಂತಾರೆ ಪಾಕ್. ಇಷ್ಟರಲ್ಲಿ ಗಟ್ಟಿಯಾಗಿ ಏನೂ ಹೇಳೋಕಾಗಲ್ಲ. ಇನ್ನೊಂದು ವರ್ಷ ಕಾಯಬೇಕು.”

“ಏಳೂ ಸಿಕ್ಕಿದ್ದಿದ್ರೆ?”

“ಏಳು ಸಿಕ್ಕಿದ್ದಿದ್ರೆ ಹೇಳಬಹುದಾಗಿತ್ತು,” ಎಂದರು. ಸುಳ್ಳು ಹೇಳುವ ಹೆಂಗಸಲ್ಲ.

ಫೋನ್ ಇಟ್ಟೆ. ನನಗೆ ಎಪ್ಪತ್ತಮೂರು. ಮುಂದಿನ ಹೂವಿನ ಹೊತ್ತಿಗೆ ದೋಣಿ ಹತ್ತುವ ಶಕ್ತಿ ಇರುತ್ತದೋ ಇಲ್ಲವೋ. ಮುಂದಿನ ವರ್ಷ ಬೆಲಿದಾ ತೊರೆಯ ಹನ್ನೆರಡು ಮರಗಳನ್ನು ಯಾರೂ ಕೊಯ್ಯಬಾರದೆಂದು ಸಂಘದಲ್ಲಿ ಕೇಳಬೇಕು. ಅದಕ್ಕೆ ದೆರಾಮಾನ್ ಮುಂದೆ ಕುಳಿತು ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಬೇಕು. ಕಳೆದ ಸಲ ನಾನು ಮಾಡದೆ ಬಿಟ್ಟ ಕೆಲಸ ಅದೇ. ಹೋಗುತ್ತೇನೆ. ಹೋಗಲೇಬೇಕು. ಆದರೆ ಅಂದು ಮಧ್ಯಾಹ್ನ ನನ್ನ ಕಾಲು ಅವನ ಮನೆ ಕಡೆ ಏಳಲಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದ ಸಿಟ್ಟು ಎದೆಯಲ್ಲಿ ಕೂತಿತ್ತು. ಎಲ್ಲರೂ ಒಳ್ಳೆಯದನ್ನೇ ಬಯಸಿದ್ದರು, ಮಗಳ ಕೆಲಸ ಮಾತ್ರ ಅರ್ಧಕ್ಕೆ ನಿಂತಿತ್ತು.

ಮಸೀದಿಯೊಳಗೆ ಹೋಗಿ ಇಳಿಹೊತ್ತಿನ ಅಸರ್ ನಮಾಜು ಮಾಡಿದೆ. ಬೇರೆಯವರೆಲ್ಲ ಎದ್ದು ಹೋದ ಮೇಲೆ ಕೈ ಎತ್ತಿದೆ. ಸಿಟ್ಟು ಇಳಿದಿರಲಿಲ್ಲ. ಸಿಟ್ಟಿನಲ್ಲೇ ಬೇಡಿಕೊಂಡೆ.

ಯಾ ಅಲ್ಲಾಹ್, ನನ್ನ ಮಗಳು ಮರ್ಹಾಮಾಳನ್ನು ಕ್ಷಮಿಸು. ಅವಳ ಗೋರಿಯನ್ನು ಅಗಲ ಮಾಡು, ಅದರಲ್ಲಿ ಬೆಳಕಿಡು. ನಿನ್ನ ಸೃಷ್ಟಿಯ ಅತಿ ಸಣ್ಣ ಜೀವಿಯ ಮುಂದೆ ಅವಳು ತಲೆಬಾಗಿ ಕುಳಿತಿದ್ದಳು, ಅದನ್ನು ಪುಣ್ಯವೆಂದು ಎಣಿಸಿಕೋ. ಅವಳ ತಾಯಿಗೆ ಸಹನೆ ಕೊಡು. ನನ್ನ ನಾಲಿಗೆಯ ತಪ್ಪು, ನನ್ನ ಬಿಂಕ, ನನ್ನ ಭಯ ಇವನ್ನು ಅವಳ ತಲೆಗೆ ಕಟ್ಟಬೇಡ, ನನ್ನ ತಲೆಗೇ ಕಟ್ಟು. ಅವಳು ದಣಿದಿದ್ದಾಳೆ. ಅವಳಿಗೆ ನಿನ್ನ ಹತ್ತಿರ ಜಾಗ ಕೊಡು, ಶಾಂತಿ ಕೊಡು. ಆಮೀನ್.